ಕೊತ್ತಂಬರಿ ಸೊಪ್ಪು ಮತ್ತು ನನ್ನ ಸೊಕ್ಕು

ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪು ಬೀಳದ ಅಡುಗೆಯೇ ಇಲ್ಲ. ಸಾರು, ಚಿತ್ರಾನ್ನ, ಉಪ್ಪಿಟ್ಟು, ಕೊನೆಗೆ ಮಜ್ಜಿಗೆಗೂ ಬೇಕು. ನನಗೋ, ಅದು ಬಿದ್ದ ಸಾರು ಬಟ್ಟೆ ಸೋಪು ಕದಡಿದ ನೀರಿನ ಹಾಗೆ. ಚಿಕ್ಕಂದಿನಲ್ಲಿ ಒಂದೊಂದೇ ಎಲೆ ಹೆಕ್ಕಿ ತಟ್ಟೆಯಂಚಿಗೆ ಅಂಟಿಸುತ್ತಿದ್ದೆ. "ಎಷ್ಟು ಸೊಕ್ಕೇ ನಿಂಗೆ!" ಅಂತ ಅಜ್ಜಿ ಬೈಯುತ್ತಿದ್ದರು. ನಾನೂ ಇದು ಸೊಕ್ಕೇ ಇರಬೇಕು ಅಂದುಕೊಂಡಿದ್ದೆ.

ಆಮೇಲೆ ಗೊತ್ತಾಯಿತು, ಈ ಸೋಪಿನ ದೂರು ನನ್ನೊಬ್ಬಳದಲ್ಲ. ಅಮೆರಿಕದ ಟ್ವೆಂಟಿತ್ರೀ ಆ್ಯಂಡ್ ಮಿ ಅನ್ನುವ ಜೀನ್ ಪರೀಕ್ಷೆಯ ಕಂಪನಿ ತನ್ನ ಗ್ರಾಹಕರನ್ನು ಇದನ್ನೇ ಕೇಳಿತ್ತು. ಸಾವಿರಾರು ಜನರ ಉತ್ತರವನ್ನೂ ಜೀನುಗಳನ್ನೂ ಜೋಡಿಸಿ 2012ರಲ್ಲಿ ಪ್ರಕಟಿಸಿತು. 'ಹೌದು, ಸೋಪು' ಅಂದವರಲ್ಲಿ 11ನೇ ಕ್ರೋಮೋಸೋಮಿನ ಒಂದು ಜಾಗದಲ್ಲಿ ಡಿಎನ್ಎಯ ಒಂದೇ ಒಂದು ಅಕ್ಷರದ ವ್ಯತ್ಯಾಸ ಜಾಸ್ತಿ ಕಂಡಿತು. ಅದರ ಪಕ್ಕದಲ್ಲೇ ವಾಸನೆಯ ಜೀನುಗಳ ಒಂದು ಗುಂಪಿದೆ. ಅದರಲ್ಲಿ ಒಆರ್6ಎ2 ಅನ್ನುವುದು ವಾಸನೆಯ ರಾಸಾಯನಿಕಗಳಾದ ಆಲ್ಡಿಹೈಡ್‌ಗಳನ್ನು ಹಿಡಿಯುವುದರಲ್ಲಿ ಚುರುಕು. ಕೊತ್ತಂಬರಿ ಸೊಪ್ಪಿನ ಘಮಕ್ಕೆ ಕಾರಣವೇ ಆಲ್ಡಿಹೈಡ್‌ಗಳು. ಸೋಪಿನಲ್ಲೂ ಅವು ಇರುತ್ತವೆ, ಕೆಲವು ನಾತದ ಹುಳುಗಳಲ್ಲೂ.

ನಮ್ಮಲ್ಲಿ ಕೆಲಸ ಮಾಡುವ ವಾಸನೆಯ ಜೀನುಗಳು ಸುಮಾರು 400. ಇವನ್ನು ಇಲಿಗಳಲ್ಲಿ ಮೊದಲು ಕಂಡುಹಿಡಿದದ್ದು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್, 1991ರಲ್ಲಿ. 2004ರಲ್ಲಿ ನೊಬೆಲ್ ಬಂತು. ಮೂಗಿನ ಒಂದೊಂದು ನರಕೋಶವೂ ಇಷ್ಟರಲ್ಲಿ ಒಂದೇ ಜೀನನ್ನು ಆರಿಸಿಕೊಂಡು, ಅದು ಹೇಳಿದ, ವಾಸನೆ ಹಿಡಿಯುವ ಗ್ರಾಹಕವನ್ನಷ್ಟೇ (ರಿಸೆಪ್ಟರ್) ತಯಾರಿಸುತ್ತದೆ. ಜೀನಿನ ಒಂದಕ್ಷರ ಬದಲಾದರೆ ಗ್ರಾಹಕದ ಆಕಾರವೂ ಚೂರು ಬದಲಾಗಬಹುದು. ಆಗ ಅದೇ ವಾಸನೆ ಒಬ್ಬರಿಗೆ ಮೂಗಿಗೆ ಬಡಿಯುತ್ತದೆ, ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ.

ಇದನ್ನು ಓದಿದ ದಿನ ಅಜ್ಜಿಗೆ ಫೋನ್ ಮಾಡಿ ಮೆರೆಯೋಣ ಅನ್ನಿಸಿತು. ಪೂರ್ತಿ ಓದಿದ ಮೇಲೆ ಹುಮ್ಮಸ್ಸು ಇಳಿಯಿತು. ಕೊತ್ತಂಬರಿಯ ವಿಷಯದಲ್ಲಿ ಜೀನಿನ ಪಾಲು ತೀರಾ ಕಡಿಮೆಯಂತೆ, ಶೇಕಡಾ 10ನ್ನೂ ಮುಟ್ಟುವುದಿಲ್ಲ. ವಯೊಲೆಟ್ ಹೂವಿನ ವಾಸನೆಯಾದರೆ ಬೇರೆ ಕಥೆ. ಅದು ಮೂಗಿಗೆ ಹತ್ತುತ್ತದೋ ಇಲ್ಲವೋ ಅನ್ನುವುದು ಹೆಚ್ಚುಕಡಿಮೆ ಪೂರ್ತಿ ಒಂದೇ ಜೀನಿನ ಕೈಯಲ್ಲಿದೆ. ಅಂದರೆ ನನ್ನ ಸೊಕ್ಕಿಗೂ ಸ್ವಲ್ಪ ಜಾಗ ಉಳಿಯಿತು ಅಂತಾಯಿತು.

ವಿಚಿತ್ರ ಅಂದರೆ, ಅದೇ ಸೊಪ್ಪನ್ನು ಅರೆದು ಚಟ್ನಿ ಮಾಡಿದರೆ ನಾನು ಎರಡು ದೋಸೆ ಜಾಸ್ತಿ ತಿನ್ನುತ್ತೇನೆ. ಅರೆದಾಗ ಎಲೆಯಲ್ಲಿರುವ ಕಿಣ್ವಗಳೇ ಆಲ್ಡಿಹೈಡ್‌ಗಳನ್ನು ಒಡೆದುಬಿಡುತ್ತವೆ. ಅಜ್ಜಿ ಇದನ್ನೂ ನಾಟಕ ಅಂತಲೇ ಲೆಕ್ಕ ಹಾಕಿದ್ದರು.

ಪ್ರತಿ ಜೀನಿಗೂ ಅಪ್ಪನದೊಂದು, ಅಮ್ಮನದೊಂದು ಪ್ರತಿ ಇರುತ್ತದೆ ಅಲ್ವಾ? ಮೂಗಿನ ನರಕೋಶ ಅದರಲ್ಲಿ ಒಂದನ್ನು ಮಾತ್ರ ಬಳಸುತ್ತದೆ. ಅಮ್ಮನಿಗೆ ಕೊತ್ತಂಬರಿ ಅಂದರೆ ಪ್ರಾಣ. ಹಾಗಾಗಿ ಈ ಯುಗಾದಿಗೆ ಊರಿಗೆ ಹೋದಾಗ ಊಟದ ಹೊತ್ತಿನಲ್ಲಿ ಅಪ್ಪನ ತಟ್ಟೆಯನ್ನೇ ಗಮನಿಸುತ್ತಿದ್ದೆ. ಬದಿಗಿಟ್ಟ ಕರಿಬೇವಿನ ಅಡಿಯಲ್ಲಿ ಕೊತ್ತಂಬರಿ ಸೊಪ್ಪಿನ ಪುಟ್ಟ ಗುಡ್ಡೆ!

"ಅಪ್ಪಾ, ನಿಮಗೂ ಸೋಪಿನ ವಾಸನೆನಾ?"

"ಸುಮ್ನಿರು, ನಿಮ್ಮಜ್ಜಿಗೆ ಕೇಳಿಸೀತು" ಅಂದರು.