ಈ ಹುಡುಗ ಯಾವ ಊರಿನವನು?

ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನಮ್ಮ ಮೇಲಿನ ಮನೆಯ ಅಜ್ಜಿ ಹೋದ ವಾರ ಹೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಇಲ್ಲಿ ಮಾಸ್ಟರ್ಸ್‌ಗೆ ಅರ್ಜಿ ಹಾಕಲು ದಾವಣಗೆರೆಯಿಂದ ನನ್ನ ಅಕ್ಕನ ಮಗ ಕಳಿಸಿದ್ದ ಎರಡು ಪುಟದ ಪತ್ರವನ್ನು ಅವರಿಗೆ ಓದಲು ಕೊಟ್ಟಿದ್ದೆ. ಮೆಟ್ಟಿಲು ಗುಡಿಸುವ ಸರದಿ ಆ ವಾರ ನಮ್ಮದು. ಪೊರಕೆ ಹಿಡಿದು ಮೇಲೆ ಹೋದಾಗ ಅಜ್ಜಿ ಕನ್ನಡಕ ಹಣೆಗೇರಿಸಿಕೊಂಡು ಬಾಗಿಲಿಗೆ ಬಂದರು. "ಚೆನ್ನಾಗಿ ಬರೆದಿದ್ದಾನೆ, ಒಂದು ತಪ್ಪೂ ಇಲ್ಲ. ಆದರೆ ಈ ಹುಡುಗ ಯಾವ ಊರಿನವನು ಅಂತ ಎರಡು ಪುಟ ಓದಿದರೂ ನನಗೆ ಗೊತ್ತಾಗಲಿಲ್ಲ" ಅಂದರು.

ಊರಿನ ಹೆಸರೇನೋ ಮೇಲ್ಗಡೆ ವಿಳಾಸದಲ್ಲೇ ಇತ್ತು. ಅವರು ಹೇಳುತ್ತಿದ್ದದ್ದು ಬೇರೆ. ಕೇಳಿ ನೋವಾಯಿತು. ಆ ಪತ್ರಕ್ಕೆ ಅಕ್ಕ-ಭಾವ ದುಡ್ಡು ಕೊಟ್ಟಿದ್ದರು.

ಮಾಸ್ಟರ್ಸ್‌ಗೆ ಅರ್ಜಿ ಹಾಕುವಾಗ ಇಲ್ಲಿ ಸಾಮಾನ್ಯವಾಗಿ ಒಂದು ಮೋಟಿವೇಶನ್ ಲೆಟರ್ ಕೇಳುತ್ತಾರೆ. ಯಾಕೆ ಈ ಕೋರ್ಸು, ಯಾಕೆ ಇದೇ ಯೂನಿವರ್ಸಿಟಿ, ಇಲ್ಲಿಯವರೆಗೆ ಏನು ಮಾಡಿದ್ದೀಯ ಅಂತ ಹುಡುಗ ತಾನೇ ಹೇಳಬೇಕು. ಊರಿನ ಕನ್ಸಲ್ಟೆನ್ಸಿಯವರು ಬರೆದುಕೊಟ್ಟ ಪತ್ರ 'ಬಾಲ್ಯದಿಂದಲೂ ನನಗೆ ಯಂತ್ರಗಳ ಮೇಲೆ ಅಪಾರ ಆಸಕ್ತಿ' ಅಂತ ಶುರುವಾಗುತ್ತದೆ. ಜರ್ಮನಿಯ ತಂತ್ರಜ್ಞಾನದ ಹೊಗಳಿಕೆ ಒಂದು ಪ್ಯಾರಾ. ಮುಂದೆ ದೇಶಕ್ಕೆ ಸೇವೆ ಸಲ್ಲಿಸುತ್ತೇನೆ ಅನ್ನುವುದು ಇನ್ನೊಂದು ಪ್ಯಾರಾ. ಇವನ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ನಡೆಯುತ್ತದೆ. ಅಜ್ಜಿ ಕೈಕಸುಬಿನ ಶಾಲೆಯಲ್ಲಿ ಟೀಚರಾಗಿದ್ದವರು. ಹೊರಗಿನಿಂದ ಬಂದ ಹುಡುಗರಿಗೆ ಅರ್ಜಿ ಬರೆಯಲು ಈಗಲೂ ಸಹಾಯ ಮಾಡುತ್ತಾರೆ. ಅವರ ಕಣ್ಣಿಗೆ ಅದು ಬೀಳದೆ ಇರುತ್ತದಾ?

ನಮ್ಮ ಹುಡುಗನಿಗೆ ಮನೆಯಲ್ಲಿ ಒಂದು ಹೆಸರು ಅಂಟಿಕೊಂಡಿದೆ. ಆವರೇಜ್. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಬಂದದ್ದು, ಪಿಯುಸಿಯಲ್ಲಿ ಗಟ್ಟಿಯಾಯಿತು, ಎಂಜಿನಿಯರಿಂಗ್ ಮುಗಿದರೂ ಬಿಟ್ಟಿಲ್ಲ. ನೆಂಟರು ಬಂದಾಗ ಅಕ್ಕ ಕಾಫಿ ಕೊಡುತ್ತಾ "ಇವ್ನು ಆವರೇಜು ಕಣ್ರೀ" ಅಂತ ತಾನೇ ಮುಂಚೆ ಹೇಳಿಬಿಡುತ್ತಾಳೆ, ಇನ್ನೊಬ್ಬರು ಹೇಳುವುದಕ್ಕಿಂತ ಮೊದಲು. ಹುಡುಗ ಪಕ್ಕದಲ್ಲೇ ಕೂತಿರುತ್ತಾನೆ.

ನಮ್ಮ ದಾವಣಗೆರೆ ಓದಿನ ಊರು, ಅದರಲ್ಲಿ ನನಗೆ ಹೆಮ್ಮೆ ಇದೆ. 1951ರಲ್ಲೇ ಅಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. 1965ರಲ್ಲಿ ಮೆಡಿಕಲ್ ಕಾಲೇಜು. 1979ರಲ್ಲಿ ಇನ್ನೊಂದು ಎಂಜಿನಿಯರಿಂಗ್ ಕಾಲೇಜು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರಿನ ಹತ್ತಿ ಗಿರಣಿಗಳು ಬಾಗಿಲು ಹಾಕಿದ ಮೇಲೆ ಊರನ್ನು ಎತ್ತಿ ನಿಲ್ಲಿಸಿದ್ದರಲ್ಲಿ ಕಾಲೇಜುಗಳ ಪಾಲು ದೊಡ್ಡದು. ಆದರೆ ರಿಸಲ್ಟ್ ಬಂದ ವಾರ ಜಯದೇವ ಸರ್ಕಲ್ ಕಡೆ ಹೋಗಿ ನೋಡಿ. ಟಾಪರ್‌ಗಳ ಫೋಟೋ ಹಾಕಿದ ಫ್ಲೆಕ್ಸು, ಒಂದರ ಪಕ್ಕ ಒಂದು. ಅದೇ ಕ್ಲಾಸಿನಲ್ಲಿ, ಅದೇ ಫೀಸು ಕಟ್ಟಿ, ಅದೇ ಬೆಂಚಿನಲ್ಲಿ ಕೂತ ಉಳಿದ ಹುಡುಗರು ಆ ಫ್ಲೆಕ್ಸಿನ ಕೆಳಗೇ ಬಸ್ಸಿಗೆ ಕಾಯುತ್ತಿರುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಅವನ ಸಿಜಿಪಿಎ 10ಕ್ಕೆ 6.9. ಜರ್ಮನಿಯಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯ ಗ್ರೇಡು, 4 ಅಂದರೆ ಬರೀ ಪಾಸು. ನಮ್ಮ ಅಂಕವನ್ನು ಇದಕ್ಕೆ ಹೊಂದಿಸುವುದಕ್ಕೆ ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಲ್ಲಿ ನಿಮಗೆ ಬಂದದ್ದನ್ನು ಕಳೆಯಿರಿ. ಅದನ್ನು, ಗರಿಷ್ಠದಲ್ಲಿ ಪಾಸಿನ ಅಂಕ ಕಳೆದರೆ ಉಳಿಯುವುದರಿಂದ ಭಾಗಿಸಿ. ಮೂರರಿಂದ ಗುಣಿಸಿ, ಒಂದು ಕೂಡಿಸಿ. ಪಾಸಿಗೆ 4 ಅಂತ ಹಿಡಿದರೆ ಇವನಿಗೆ 2.55 ಬರುತ್ತದೆ. ಪೈಪೋಟಿ ಜಾಸ್ತಿ ಇರುವ ಎಷ್ಟೋ ಕೋರ್ಸುಗಳು 2.5ಕ್ಕೆ ಗೆರೆ ಎಳೆದಿವೆ. ಅಂಥ ಕಡೆ ಅರ್ಜಿಯನ್ನು ಮುಂದೆ ಓದುವುದೇ ಇಲ್ಲ. ಗೆರೆ ಹಾಕದ ಕಡೆ, ಅಥವಾ ಅಂಕದ ಜೊತೆ ಉಳಿದದ್ದನ್ನೂ ತೂಗುವ ಕಡೆ, ಆ ಪತ್ರಕ್ಕೆ ಬೆಲೆ ಇದೆ. ಆವರೇಜ್ ಹುಡುಗ ತನ್ನ ಮಾತು ತಾನು ಹೇಳಬಹುದಾದ ಒಂದೇ ಜಾಗ ಅದು. ಆ ಜಾಗವನ್ನೇ ಮಾರಿಕೊಂಡರೆ ಹೇಗೆ?

ಭಾನುವಾರ ವಿಡಿಯೋ ಕಾಲ್ ಮಾಡಿದೆ. ಫೈನಲ್ ಇಯರಿನಲ್ಲಿ ಏನು ಪ್ರಾಜೆಕ್ಟ್ ಮಾಡಿದೆ ಅಂತ ಕೇಳಿದೆ.

"ಅದು ಗ್ರೂಪ್ ಪ್ರಾಜೆಕ್ಟ್ ಮಾಮ. ಬೆಂಗ್ಳೂರಿಂದ ರೆಡಿ ತರ್ಸಿದ್ವಿ."

"ನೀನಾಗೇ ಏನೂ ಮಾಡಿಲ್ವೇನೋ?"

"ಇಲ್ಲ ಮಾಮ."

ಹಿಂದಿನಿಂದ ಅಕ್ಕನ ದನಿ ಕೇಳಿತು. "ಎಲ್ಲಿ ಮಾಡ್ತಾನೆ? ಸಂಜಿ ಆದ್ರೆ ಸಾಕು, ಫ್ರೆಂಡಿನ ಜೊತಿಗೆ ಆ ಮಂಡಕ್ಕಿ ಭಟ್ಟ್ಯಾಗೇ ಕುಂತಿರ್ತಿದ್ದ. ಮೈಯೆಲ್ಲಾ ಹೊಗಿ ವಾಸ್ನಿ ಮಾಡ್ಕಂಡು ಬರ್ತಿದ್ದ."

ಭಟ್ಟಿಯಲ್ಲಿ ಏನು ಮಾಡುತ್ತಿದ್ದೆ ಅಂತ ಕೇಳಿದರೆ ಮೊದಲು ಹೇಳಲಿಲ್ಲ. ಬಿಡದೆ ಕೇಳಿದ ಮೇಲೆ ಒಳಗೆ ಹೋಗಿ ಒಂದು ನೂರು ಪುಟದ ನೋಟ್‌ಬುಕ್ ತಂದು ಕ್ಯಾಮೆರಾ ಮುಂದೆ ಹಿಡಿದ. ಅಂಚು ಕಪ್ಪಾಗಿತ್ತು. ಒಳಗೆ ಸ್ಕೇಲಿನಲ್ಲಿ ಗೆರೆ ಎಳೆದ ಕಾಲಮ್ಮುಗಳು. ಹೊತ್ತು, ಮರಳಿನ ಬಿಸಿ, ಉರುವಲಿನ ಹೊಟ್ಟು ಒಣಗಿತ್ತೋ ಹಸಿ ಇತ್ತೋ, ಅಕ್ಕಿಗೆ ಉಪ್ಪುನೀರು ಹಾಕಿ ಎಷ್ಟು ಹೊತ್ತಾಗಿತ್ತು, ಜರಡಿ ಹಿಡಿದಾಗ ಅರಳದೆ ಉಳಿದ ಕಾಳು ಎಷ್ಟು.

ಊರಿನವರಿಗೆ ಮಂಡಕ್ಕಿ ಬಗ್ಗೆ ಹೇಳುವುದೇನಿದೆ ಅನ್ನಬಹುದು. ತಿನ್ನುವುದು ಗೊತ್ತು, ಆಗುವುದು ಎಷ್ಟು ಜನಕ್ಕೆ ಗೊತ್ತು? ಭತ್ತ ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಬೆಚ್ಚಗೆ ಮಾಡಿ, ಕಾದ ಮರಳಿಗೆ ಸುರಿಯುತ್ತಾರೆ. ಮರಳು 250 ಡಿಗ್ರಿ ಆಸುಪಾಸಿನಲ್ಲಿರಬೇಕು. ಕಾಳಿನೊಳಗೆ ಉಳಿದಿರುವ ಚೂರು ನೀರು ಒಂದೇ ಸಲಕ್ಕೆ ಆವಿಯಾಗಿ ಹೊರಗೆ ಬರಲು ನುಗ್ಗುತ್ತದೆ, ಅಕ್ಕಿ ಉಬ್ಬುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ. ಬಿಸಿ ಕಮ್ಮಿಯಾದರೆ ಕಾಳು ಗಟ್ಟಿಯಾಗಿ ಉಳಿಯುತ್ತದೆ, ಜಾಸ್ತಿಯಾದರೆ ಸೀಯುತ್ತದೆ. ಭಟ್ಟಿಯ ಯಜಮಾನರು ಇದನ್ನು ಮೀಟರ್ ನೋಡಿ ಹೇಳುವುದಿಲ್ಲ. ನಾಲ್ಕು ಕಾಳು ಎಸೆದು, ಸದ್ದು ಕೇಳಿ ಹೇಳುತ್ತಾರೆ.

ಇವನೂ ಇವನ ಫ್ರೆಂಡೂ ಆನ್‌ಲೈನಿನಲ್ಲಿ ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್ ತರಿಸಿ, ಯಜಮಾನರು ಸರಿ ಅಂದಾಗೆಲ್ಲಾ ಮರಳಿನ ಬಿಸಿ ಬರೆದಿಟ್ಟುಕೊಂಡಿದ್ದಾರೆ. ಮಳೆಗಾಲದಲ್ಲಿ ಹೊಟ್ಟು ಹಸಿ ಇದ್ದ ದಿನ ಅರಳದ ಕಾಳು ಜಾಸ್ತಿ ಅನ್ನುವುದು ಪುಟ ತಿರುಗಿಸಿದರೆ ಕಾಣುತ್ತದೆ. ಹೊಗೆಗೂಡಿನ ಗೋಡೆ ಹೇಗೂ ಸುಡುತ್ತಿರುತ್ತದಲ್ಲ, ಅದರ ಪಕ್ಕದಲ್ಲಿ ಹೊಟ್ಟು ಹರವಿ ಒಣಗಿಸಿ ನೋಡಿದ್ದಾರೆ. ಆಮೇಲಿನ ಪುಟಗಳಲ್ಲಿ ಕೊನೆಯ ಕಾಲಮ್ಮಿನ ಅಂಕಿ ಇಳಿದಿದೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ 'ಇದು ಹೊಟ್ಟಿನಿಂದಲೋ, ಹೊಸ ಅಕ್ಕಿಯಿಂದಲೋ? ಮತ್ತೆ ನೋಡಬೇಕು' ಅಂತ ಬರೆದಿದ್ದ. ಆ ಸಾಲು ಓದಿ ನನಗೆ ಮಾತೇ ಹೊರಡಲಿಲ್ಲ. ತನ್ನ ಲೆಕ್ಕವನ್ನು ತಾನೇ ನಂಬದೆ ಇನ್ನೊಮ್ಮೆ ನೋಡಬೇಕು ಅನ್ನುವ ಹುಡುಗ ಇವನು.

"ಇದನ್ನ ಯಾಕೋ ಬರೀಲಿಲ್ಲ?"

"ಅದೇನ್ ಬರಿಯಾದು ಮಾಮ? ಮಂಡಕ್ಕಿ ಭಟ್ಟಿ ಐತಿ ಅದು. ಕನ್ಸಲ್ಟೆನ್ಸ್ಯಾಗೆ ಹೇಳ್ದೆ, ನಕ್ರು."

ನಾನು ಚಿಕ್ಕವನಿದ್ದಾಗ ಭಟ್ಟಿ ಕಡೆಗೆ ಹೋಗಬೇಡ ಅಂತ ಅವ್ವ ಗದರುತ್ತಿದ್ದಳು. ಆಗ ಉರುವಲಿಗೆ ಹಳೇ ಟೈರು ಸುಡುತ್ತಿದ್ದರು. ಓಣಿ ದಾಟುವಾಗ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಸಂಜೆ ಅದೇ ಭಟ್ಟಿಯ ಮಂಡಕ್ಕಿ ಮನೆಗೆ ಬರುತ್ತಿತ್ತು. ಅವ್ವ ಒಗ್ಗರಣೆ ಹಾಕಿ, ಮೇಲೆ ಹುರಿಗಡಲೆ ಪುಡಿ ಉದುರಿಸಿ, ಜೊತೆಗೆ ಮೆಣಸಿನಕಾಯಿ ಕರಿಯುತ್ತಿದ್ದಳು. ನೆಂಟರು ಬಂದರೆ ನರ್ಗಿಸ್ ಮಂಡಕ್ಕಿ. ಭದ್ರಾ ನಾಲೆಯ ನೀರು, ಆ ನೀರಿನ ಭತ್ತ, ಆ ಭತ್ತದ ಮಂಡಕ್ಕಿ, ಇಡೀ ಊರು ಅದನ್ನು ತಿಂದೇ ದೊಡ್ಡದಾಗಿದೆ. ಆದರೆ ಊರಿಗೆ ಇಷ್ಟು ಕಾಲೇಜು ಇದ್ದೂ, ನಾನು ಓದುವಾಗ ಒಬ್ಬ ಮೇಷ್ಟರೂ ನಮ್ಮನ್ನು ಭಟ್ಟಿಗೆ ಕರೆದುಕೊಂಡು ಹೋಗಿ, ನೋಡ್ರೋ ನಿಮ್ಮ ಥರ್ಮೋಡೈನಮಿಕ್ಸ್ ಇಲ್ಲಿದೆ ಅಂತ ತೋರಿಸಲಿಲ್ಲ. ಬಾಯ್ಲರ್ ಚಿತ್ರ ಬಿಡಿಸಿ ಹತ್ತು ಅಂಕ ತಗೊಂಡೆವು. ನಮ್ಮ ಮಕ್ಕಳು ತಾವು ಕಂಡದ್ದನ್ನು ಬಚ್ಚಿಟ್ಟು, ಕಾಣದ್ದನ್ನು ಕಂಠಪಾಠ ಮಾಡುತ್ತಿದ್ದಾರಲ್ಲ, ಇದು ನನಗೆ ಸಹಿಸಲು ಆಗುವುದಿಲ್ಲ.

ಅಜ್ಜಿಗೆ ನೋಟ್‌ಬುಕ್ಕಿನ ಫೋಟೋ ತೋರಿಸಿದೆ. ಉಪ್ಪು ಯಾಕೆ ಹಾಕುತ್ತಾರೆ, ಮರಳನ್ನೇ ಯಾಕೆ ಬಳಸುತ್ತಾರೆ, ಬೇರ್ಪಡಿಸುವುದು ಹೇಗೆ ಅಂತ ಒಂದರ ಮೇಲೊಂದು ಕೇಳಿದರು. ಆಮೇಲೆ ತಮ್ಮ ಮೊಮ್ಮಗನ ಕತೆ ಹೇಳಿದರು. ಈ ದೇಶದ ಬಹುತೇಕ ಕಡೆ ಮಕ್ಕಳನ್ನು ಹತ್ತು ವರ್ಷಕ್ಕೇ ಬೇರೆ ಮಾಡುತ್ತಾರೆ. ನಾವಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಿದ್ದಂತೆ ಯಾರು ಗಿಮ್ನಾಸಿಯಮ್ಮಿಗೆ, ಯಾರು ರಿಯಾಲ್‌ಶೂಲೆಗೆ ಅಂತ ಶಾಲೆಯೇ ಸಲಹೆ ಕೊಡುತ್ತದೆ. ಯೂನಿವರ್ಸಿಟಿಯ ನೇರ ದಾರಿ ಗಿಮ್ನಾಸಿಯಮ್ಮಿನದು, ರಿಯಾಲ್‌ಶೂಲೆಯವರು ಹೆಚ್ಚಾಗಿ ಕೈಕಸುಬಿನ ಕಡೆ ಹೋಗುತ್ತಾರೆ. ನನಗೆ ಇದು ಕ್ರೂರ ಅನ್ನಿಸುತ್ತದೆ. ಹತ್ತು ವರ್ಷದ ಕೂಸಿಗೆ ಏನು ಗೊತ್ತಿರುತ್ತದೆ? ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿವರೆಗಾದರೂ ಎಲ್ಲರೂ ಒಂದೇ ಬೆಂಚು. ಅಜ್ಜಿಯ ಮೊಮ್ಮಗನನ್ನು ರಿಯಾಲ್‌ಶೂಲೆಗೆ ಕಳಿಸಿದರು. ಅವನು ಮೂರೂವರೆ ವರ್ಷ ಕಾರ್ಖಾನೆಯಲ್ಲಿ ಸಂಬಳ ತಗೊಳ್ಳುತ್ತಾ ಕೆಲಸ ಕಲಿತ. ವಾರದಲ್ಲಿ ಒಂದೆರಡು ದಿನ ಶಾಲೆ. ಆಮೇಲೆ ಅವನಿಗೆ ಓದುವ ಮನಸ್ಸು ಬಂತು, ಬೇಕಾದ ಪರೀಕ್ಷೆ ಪಾಸು ಮಾಡಿ ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಇಲ್ಲಿ ಮೊದಲ ಬಾಗಿಲು ಬೇಗ ಮುಚ್ಚುತ್ತದೆ, ಆದರೆ ಪಕ್ಕದ ಬಾಗಿಲು ತೆರೆದಿರುತ್ತದೆ. ಆ ಬಾಗಿಲಿನಲ್ಲಿ ಬಂದವನನ್ನು ಯಾರೂ ಕೀಳಾಗಿ ನೋಡುವುದಿಲ್ಲ. ನಮ್ಮಲ್ಲಿ ಐಟಿಐ ಓದಿದ ಹುಡುಗನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ, ಅಲ್ವಾ?

ಹೊಹೆನ್‌ಹೈಮ್ ಯೂನಿವರ್ಸಿಟಿ ಹೆಸರು ಹೇಳಿದ್ದೂ ಅಜ್ಜಿಯೇ. ಅದು ನಮ್ಮ ಸ್ಟುಟ್‌ಗಾರ್ಟಿನಲ್ಲೇ ಇದೆ. ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರಲ್ಲಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ಬರ ಬಂತು. ಇನ್ನೊಮ್ಮೆ ಜನ ಹಸಿವಿನಿಂದ ಸಾಯಬಾರದು ಅಂತ ಇಲ್ಲಿನ ರಾಜ 1818ರಲ್ಲಿ ಶುರು ಮಾಡಿದ ಬೇಸಾಯದ ಶಾಲೆ ಅದು. ಬೇಸಾಯ ಮತ್ತು ಆಹಾರ ವಿಜ್ಞಾನಕ್ಕೆ ಇವತ್ತೂ ಹೆಸರುವಾಸಿ. ಕನ್ಸಲ್ಟೆನ್ಸಿಯವರು ಕೊಟ್ಟ ಪಟ್ಟಿಯಲ್ಲಿ ಅದು ಇರಲಿಲ್ಲ. ಮ್ಯೂನಿಕ್ಕಿನ ಟೆಕ್ನಿಕಲ್ ಯೂನಿವರ್ಸಿಟಿ ಎಲ್ಲಕ್ಕಿಂತ ಮೇಲೆ ಇತ್ತು. ಅಲ್ಲಿ ಯುರೋಪಿನ ಹೊರಗಿನವರಿಗೆ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ 4,000ದಿಂದ 6,000 ಯೂರೋ ಫೀಸು ಬಂದಿದೆ, ಒಂದು ಸೆಮಿಸ್ಟರಿಗೆ. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತಲೇ ಭಾವ ನಂಬಿದ್ದರು. ಬಹಳಷ್ಟು ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಫೀಸಿಲ್ಲ, ನಿಜ. ಆದರೆ ಸ್ಟುಟ್‌ಗಾರ್ಟ್ ಇರುವ ಈ ರಾಜ್ಯದಲ್ಲಿ ಯುರೋಪಿನ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಇದೆ.

ಈಗ ಅವನು ಪತ್ರವನ್ನು ಮೊದಲಿಂದ ಬರೆಯುತ್ತಿದ್ದಾನೆ. ಇಂಗ್ಲಿಷಿನಲ್ಲಿ ಅಲ್ಲಲ್ಲಿ ತಪ್ಪಿದೆ, ತಿದ್ದಬಹುದು. ಮೊದಲ ಸಾಲಿನಲ್ಲೇ ಭಟ್ಟಿ ಬಂದಿದೆ. ಹೀಗೆ ಬರೆದರೆ ಸೀಟು ಸಿಕ್ಕೇಬಿಡುತ್ತದೆ ಅಂತ ನಾನು ಅವನಿಗೆ ಹೇಳಿಲ್ಲ. 2.55 ಅಂದರೆ 2.55. ಮೆಕ್ಯಾನಿಕಲ್ ಓದಿದವನಿಗೆ ಆಹಾರ ವಿಜ್ಞಾನಕ್ಕೆ ಬೇಕಾದ ಕೆಮಿಸ್ಟ್ರಿ ಸಾಲದು ಅನ್ನಬಹುದು, ಅಲ್ಲಿ ಜರ್ಮನ್ ಭಾಷೆ ಕೇಳುವ ಕೋರ್ಸುಗಳೂ ಇವೆ. ಅದಕ್ಕೇ ಎನರ್ಜಿ ಮತ್ತು ಪ್ರೊಸೆಸ್ ಎಂಜಿನಿಯರಿಂಗ್ ಕಡೆ ಹುಡುಕುತ್ತಿದ್ದೇವೆ, ಕೈಕೆಲಸಕ್ಕೆ ಒತ್ತು ಕೊಡುವ, ಹೊಖ್‌ಶೂಲೆ ಅನ್ನುವ ಕಾಲೇಜುಗಳನ್ನೂ ಸೇರಿಸಿದ್ದೇವೆ. ಪ್ರತಿ ಕೋರ್ಸಿನ ಪುಟ ತೆರೆದು, ಯಾವ ವಿಷಯ ಎಷ್ಟು ಕ್ರೆಡಿಟ್ ಬೇಕು ಅಂತ ಅವನೇ ತನ್ನ ಸಿಲಬಸ್ ಪಕ್ಕದಲ್ಲಿಟ್ಟು ಟಿಕ್ ಹಾಕುತ್ತಾನೆ. ಬಹಳ ಕಡೆ ಜುಲೈ 15 ಕೊನೆಯ ದಿನ, ಕೆಲವು ಕಡೆ ಅದಕ್ಕಿಂತ ತುಂಬಾ ಮೊದಲೇ ಮುಗಿಯುತ್ತದೆ.

ನನ್ನನ್ನು ಕಾಡುತ್ತಿರುವುದು ಆ ಇನ್ನೊಬ್ಬ ಹುಡುಗ. ನೋಟ್‌ಬುಕ್ಕಿನಲ್ಲಿ ಅರ್ಧ ಅಕ್ಷರ ಅವನದು. ಭಟ್ಟಿ ಅವನ ಅಪ್ಪನದು. ಇಬ್ಬರೂ ಒಂದೇ ಕ್ಲಾಸು, ಮಾರ್ಕ್ಸಿನಲ್ಲೂ ಹೆಚ್ಚು ಕಮ್ಮಿ ಒಂದೇ. ನಮ್ಮ ಹುಡುಗನಿಗೆ ಇಲ್ಲೊಬ್ಬ ಮಾಮ ಇದ್ದಾನೆ, ಸಾಲಕ್ಕೆ ಇಡಲು ಭಾವನ ಸೈಟಿದೆ. ವೀಸಾಕ್ಕೆ ವರ್ಷದ ಖರ್ಚು ಅಂತ 11,904 ಯೂರೋವನ್ನು, ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟಿನಲ್ಲಿ ಮೊದಲೇ ತೋರಿಸಬೇಕು. ನಮ್ಮ ದುಡ್ಡಲ್ಲಿ 12 ಲಕ್ಷದ ಆಸುಪಾಸು. ಭಟ್ಟಿಯ ಹುಡುಗ ಅದನ್ನು ಎಲ್ಲಿಂದ ತರಬೇಕು? ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಿಂದ ಹೊರದೇಶದ ಓದಿಗೆ ಸಾಲ ಇದೆ. ಸಮಾಜ ಕಲ್ಯಾಣ ಇಲಾಖೆಯಿಂದ ಪರಿಶಿಷ್ಟರ ಮಕ್ಕಳಿಗೆ ಪ್ರಬುದ್ಧ ಯೋಜನೆ ಇದೆ. ಇಂಥವು ಇವೆ ಅಂತ ಕಾಲೇಜಿನಲ್ಲಿ ಯಾರೂ ಇವರಿಗೆ ಹೇಳಿಲ್ಲ. ಓದುತ್ತಿರುವ ನೀವು ಊರಲ್ಲಿದ್ದರೆ, ನಿಮ್ಮ ಓಣಿಯ ಹುಡುಗರಿಗೆ ದಯವಿಟ್ಟು ಹೇಳಿ.

ನಿನ್ನೆ ಅವನ ಅಪ್ಪನ ಹತ್ತಿರ ಮಾತಾಡಿದೆ. "ನೀವು ದೊಡ್ಡ ಮನ್ಸಿಂದ ಹೇಳ್ತೀರಿ ಸಾರ್. ಇವ್ನು ಹೋದ್ರೆ ಭಟ್ಟಿ ಯಾರು ನೋಡ್ಬೇಕು?" ಅಂದರು. ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ, ನನ್ನ ಹತ್ತಿರ ಉತ್ತರವೂ ಇರಲಿಲ್ಲ. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಸರ್ಟಿಫಿಕೇಟ್, ಅಂದರೆ ಓದಿನ ದಾಖಲೆಗಳು ಅಸಲಿ ಅನ್ನುವ ಪ್ರಮಾಣಪತ್ರ, ಕಡ್ಡಾಯ ಆಗಿದೆ, ಅದಿಲ್ಲದೆ ಯಾವುದೂ ಮುಂದೆ ಹೋಗುವುದಿಲ್ಲ. ಅದಕ್ಕೆ 18,000 ರೂಪಾಯಿ. ಅಷ್ಟನ್ನು ನಾನು ಕಟ್ಟುತ್ತೇನೆ, ಮುಂದಿನ ವರ್ಷಕ್ಕಾದರೂ ಅರ್ಜಿ ಹಾಕಲಿ, ಹುಡುಗ ಭಟ್ಟಿಗೆ ಬೇಕಾದ್ದನ್ನೇ ಓದಿಕೊಂಡು ಬರುತ್ತಾನೆ ಅಂತ ಹೇಳಿದ್ದೇನೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದಾರೆ.