ತಾತನ ಮಾತೂ ದಾಖಲೆಯೇ

ಎಚ್.ಡಿ. ಕೋಟೆ ಕಡೆಯ ಒಂದು ಜೇನುಕುರುಬರ ಹಾಡಿಯಲ್ಲಿ ಸಮುದಾಯ ಅರಣ್ಯ ಹಕ್ಕಿನ, ಅಂದರೆ ಊರವರೆಲ್ಲ ಸೇರಿ ಬಳಸುವ ಕಾಡಿನ ಮೇಲಿನ ಹಕ್ಕಿನ, ಅರ್ಜಿ ಬರೆಯಲು ಜನ ಬೇಕಾಗಿತ್ತು. ಮೈಸೂರಿನಿಂದ ಗೆಳೆಯರ ಜೊತೆ ನಾನೂ ಹೋದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಅಂಶ ಇದೆ. ಹಿರಿಯರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಅವತ್ತು ನನ್ನ ಪಾಲಿಗೆ ಬಂದದ್ದು ಆ ಕೆಲಸ.

"ಗಡಿ ಎಲ್ಲಿಂದ ಎಲ್ಲಿವರೆಗೆ ತಾತ?" ಎಂದು ಹಾಡಿಯ ಹಿರಿಯರೊಬ್ಬರನ್ನು ಕೇಳಿದೆ. ಹಳ್ಳ, ಹಿರಿಯರನ್ನು ಮಣ್ಣು ಮಾಡಿದ ಜಾಗ, ಹೆಜ್ಜೇನು ಕಟ್ಟುವ ಮರ, ಹೀಗೆ ಒಂದೊಂದನ್ನೇ ಹೇಳಿದರು. ಜೇನು ಎಷ್ಟು ತೆಗೀಬೇಕು, ಎಷ್ಟು ಬಿಡಬೇಕು ಎಲ್ಲಾ ಅವರಿಗೆ ಬಾಯಿಪಾಠ. "ಪೂರಾ ಕುಯ್ದುಬಿಟ್ರೆ ಬರೋ ವರ್ಷ ಹುಳ ಬರಲ್ಲ ಕಣಪ್ಪ." ಮಳೆ ಹಿಂದೆಮುಂದೆ ಆಗಿ ಹೂವೂ ಲೆಕ್ಕ ತಪ್ಪಿದೆ ಅಂದರು.

ಆಮೇಲೆ ಕಾಡಿಗೆ ಹೊರಗಿಂದ ಬಂದು ಹಬ್ಬಿದ ಲಂಟಾನ ಪೊದೆಯ ಮಾತು ಬಂತು. ಮೊದಲು ಬೇಸಿಗೆ ಬಲಿಯುವ ಮುಂಚೆಯೇ ಸಣ್ಣ ಬೆಂಕಿ ಹಾಕುತ್ತಿದ್ದರಂತೆ. ನೆಲದ ತರಗು ಮಾತ್ರ ಉರಿಯುತ್ತಿತ್ತು, ಹುಲ್ಲು ಚಿಗುರುತ್ತಿತ್ತು. ಆ ಬೆಂಕಿ ನಿಂತಿತು, ಲಂಟಾನ ಆಳೆತ್ತರ ಬೆಳೆಯಿತು. ಈಗ ಕಿಡಿ ಬಿದ್ದರೆ ಉರಿ ಕೊಂಬೆಗೇ ಏರುತ್ತೆ ಅಂದರು ತಾತ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ವರ್ಷಗಳಿಂದ ಇದನ್ನೇ ಹೇಳುತ್ತಿದ್ದಾರೆ. ಕಾಡು ಸುಟ್ಟರೆ ಅದರಲ್ಲಿದ್ದ ಇಂಗಾಲ ಗಾಳಿ ಸೇರುತ್ತೆ ಅನ್ನೋದು ನಮಗೆಲ್ಲ ಗೊತ್ತು, ಅಲ್ವಾ? ತಡೆಯುವ ಬಗೆ ಗೊತ್ತಿರುವವರನ್ನು ಕೇಳೋರೇ ಇಲ್ಲ.

ನನಗೆ ಸಿಟ್ಟು ಬರೋದು ಇಲ್ಲೇ. ಹವಾಮಾನ ಬದಲಾವಣೆ ತಡೆಯಲು ದೇಶಗಳು ಮಾಡಿಕೊಂಡ 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ಮೂಲನಿವಾಸಿಗಳ ಹಕ್ಕಿನ ಮಾತಿದೆ. ಇಲ್ಲಿ ಅಣೆಕಟ್ಟಿಗೆ, ಹುಲಿಗೆ ಅಂತ ಜಾಗ ಬಿಟ್ಟವರಲ್ಲಿ ಇವರೇ ಇದ್ದಾರೆ. ನಾಳೆ ಗಾಳಿಯ ಇಂಗಾಲ ಹೀರಿಸುವ ಲೆಕ್ಕಕ್ಕೆ ಗಿಡ ನೆಡಲು ಬಂದವರೂ ಮೊದಲು ಇವರನ್ನೇ ಎಬ್ಬಿಸಿಬಿಟ್ಟರೆ? ಸಮುದಾಯ ಹಕ್ಕು ಸಿಕ್ಕರೆ ಆ ಕಾಡನ್ನು ಕಾಯುವ, ನೋಡಿಕೊಳ್ಳುವ ಅಧಿಕಾರ ಗ್ರಾಮಸಭೆಗೆ ಬರುತ್ತೆ. ಸೋಲಿಗರಿಗೆ 2011ರಲ್ಲಿ, ಹುಲಿ ಮೀಸಲು ಕಾಡಿನೊಳಗೇ ಸಿಕ್ಕಿದೆ. ಇಲ್ಲಿ ಯಾಕಾಗಬಾರದು?

ಬರೆದದ್ದನ್ನು ಜೋರಾಗಿ ಓದಿದೆ. ಹಿಂದೆ ಕೂತಿದ್ದ ಅಜ್ಜಿ ತಡೆದರು. "ಗೆಡ್ಡೆ ಅಗೆಯೋ ಜಾಗ ಎಲ್ಲಿ ಬರ್ದೆ? ಗಂಡಸ್ರು ಬರೀ ಜೇನು ಹೇಳ್ತಾರೆ." ಹೊಸ ಹಾಳೆ ತೆಗೆದೆವು. ಅಜ್ಜಿ, ಸೊಸೆಯರು ಸೇರಿ ಗೆಡ್ಡೆ, ಸೊಪ್ಪು, ಅಣಬೆ ಸಿಗುವ ಜಾಗಗಳನ್ನೆಲ್ಲ ಬರೆಸಿದರು. ತಾತನ ಹೇಳಿಕೆಗಿಂತ ಅದೇ ಉದ್ದವಾಯಿತು. ಎರಡಕ್ಕೂ ಹೆಬ್ಬೆಟ್ಟು ಹಾಕಿಸಿ ಹಾಡಿಯ ಅರಣ್ಯ ಹಕ್ಕು ಸಮಿತಿಯ ಕೈಗೆ ಕೊಟ್ಟೆವು.