ಕಸದ ಪುಸ್ತಕದಲ್ಲಿ ನನ್ನದೊಂದು ಸಾಲು

ಹಡಗಿನಲ್ಲಿ ಕಸಕ್ಕೂ ಒಂದು ಲೆಕ್ಕದ ಪುಸ್ತಕ ಇರುತ್ತದೆ. ಗಾರ್ಬೇಜ್ ರೆಕಾರ್ಡ್ ಬುಕ್ ಅಂತ. ಡೆಕ್ ಕೆಡೆಟ್, ಅಂದರೆ ತರಬೇತಿಯಲ್ಲಿರೋ ಅಧಿಕಾರಿ ಆಗಿ ಮೊದಲ ಸಲ ಹಡಗು ಹತ್ತಿದಾಗ ಚೀಫ್ ಆಫೀಸರ್ ಅದನ್ನು ನನ್ನ ಕೈಗೆ ಕೊಟ್ಟು, "ಲೆಕ್ಕ ನೀನು ನೋಡ್ಕೋ, ಸಹಿ ನಾನು ಹಾಕ್ತೀನಿ" ಅಂದಿದ್ದರು. ನಕ್ಷತ್ರ ನೋಡಿ ದಾರಿ ಕಂಡುಹಿಡಿಯೋದು ಕಲಿಯೋಣ ಅಂತ ಬಂದವನಿಗೆ ಸಿಕ್ಕಿದ್ದು ತಿಪ್ಪೆಯ ಲೆಕ್ಕ!

ಅದು ನಡು ಸಮುದ್ರದ ಒಂದು ಮಧ್ಯಾಹ್ನ. ಹಡಗಿನ ಹಿಂಭಾಗದಲ್ಲಿ, ಪೂಪ್ ಡೆಕ್ ಮೇಲೆ ನಾನೊಬ್ಬನೇ ಇದ್ದೆ. ಹಿಂದಿನ ಬಂದರಿನಲ್ಲಿ ಹತ್ತಿಸಿದ ಪೇಂಟ್ ಡಬ್ಬಗಳನ್ನು ಒಳಗೆ ಸೇರಿಸಬೇಕಿತ್ತು. ಡಬ್ಬಗಳ ಸುತ್ತ ತೆಳು ಪ್ಲಾಸ್ಟಿಕ್ ಫಿಲ್ಮ್ ಹತ್ತಾರು ಸುತ್ತು ಬಿಗಿದಿತ್ತು. "ಚೀಲ ಪಕ್ಕದಲ್ಲಿ ಇಟ್ಕೊಂಡೇ ಬಿಚ್ಚು" ಅಂತ ಡೆಕ್ ಕೆಲಸಗಾರರ ಮೇಸ್ತ್ರಿ ಬೋಸನ್ ಹೇಳಿಹೋಗಿದ್ದರು. ಚೀಲ ತರೋಕೆ ಎರಡು ಮಹಡಿ ಇಳಿದು ಹತ್ತಬೇಕು. ಆಮೇಲೆ ತಂದರಾಯ್ತು ಅಂತ ಸುಮ್ನೆ ಚಾಕು ಹಾಕಿಬಿಟ್ಟೆ.

ಬಿಗಿಯಾಗಿದ್ದ ಫಿಲ್ಮ್ ಪಟ್ಟನೆ ಬಿಚ್ಚಿಕೊಂಡಿತು. ಗಾಳಿ ತುಂಬಿ ಉಬ್ಬಿತು. ಕಟಕಟೆಯ ಕಂಬಿಗೆ ಒಂದು ಕ್ಷಣ ಸುತ್ತಿಕೊಂಡಾಗ ಸಿಕ್ಕೇಬಿಟ್ಟಿತು ಅಂದುಕೊಂಡೆ. ಓಡಿಹೋಗಿ ಹಿಡಿದೆ. ಬೆರಳಿಗೆ ನುಣ್ಣಗೆ ತಾಗಿ ಜಾರಿಹೋಯಿತು. ನಮ್ಮ ಹಿಂದೆ ಏಳುತ್ತಿದ್ದ ನೊರೆಯಲ್ಲಿ ಬಿದ್ದು, ಮುಳುಗದೆ ತೇಲದೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬಿಳಿಯಾಗಿ ಅಲುಗಾಡುತ್ತಾ ದೂರವಾಯಿತು. ಥೇಟ್ ಜೆಲ್ಲಿ ಫಿಶ್. ಆಮೆಗಳು ಮೋಸಹೋಗಿ ಇಂಥದ್ದನ್ನು ನುಂಗುತ್ತವೆ ಅಂತ ಓದಿದ್ದು ನೆನಪಾಯಿತು. ಒಂದು ಹಾಳೆಗೋಸ್ಕರ ಹಡಗು ತಿರುಗಿಸೋಕೆ ಆಗುತ್ತಾ?

ಸುತ್ತ ನೋಡಿದೆ. ಯಾರೂ ಇರಲಿಲ್ಲ. ಸುಮ್ಮನಿದ್ದುಬಿಡೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಅಡುಗೆಮನೆಯ ಹುಡುಗ ಬಕೆಟ್ ಹಿಡಿದು ಬಂದ. ಅನ್ನ, ತರಕಾರಿ ಸಿಪ್ಪೆ, ಮೂಳೆ. ಆ ಜಾಗದಲ್ಲಿ ದಡದಿಂದ 12 ನಾಟಿಕಲ್ ಮೈಲಿ ದಾಟಿದರೆ ಅಡುಗೆ ಕಸ ಸಮುದ್ರಕ್ಕೆ ಹಾಕಬಹುದು. ನುಣ್ಣಗೆ ಅರೆದಿದ್ದರೆ 3 ಮೈಲಿ ಸಾಕು. ಆದರೆ ಅದರಲ್ಲಿ ಪ್ಲಾಸ್ಟಿಕ್ ಸೇರಿಕೊಂಡಿದ್ದರೆ ಅಷ್ಟನ್ನೂ ಪ್ಲಾಸ್ಟಿಕ್ ಅಂತಲೇ ನೋಡಬೇಕು. ಅವನು ಬಕೆಟ್ ಕೆಳಗಿಟ್ಟು, ಗ್ಲೌಸ್ ಹಾಕಿದ ಕೈಯನ್ನು ಮೊಣಕೈವರೆಗೆ ಒಳಗೆ ಬಿಟ್ಟು ಕಲಕಿದ. ಹುಳಿ ವಾಸನೆಗೆ ನಾನು ಮೂಗು ಮುಚ್ಚಿಕೊಂಡೆ. ಅವನು ಏನೋ ಎತ್ತಿ ಬೆಳಕಿಗೆ ಹಿಡಿದ. ಮಾಂಸದ ಪ್ಯಾಕೆಟ್ಟಿನ ಚೂರು, ಉಗುರಿನಷ್ಟಿರಬಹುದು. ಅದನ್ನು ಜೇಬಿಗೆ ಹಾಕಿಕೊಂಡು ಮತ್ತೆ ಕೈ ಬಿಟ್ಟ.

ಅವನು ಉಗುರಿನಷ್ಟು ಚೂರಿಗೆ ಕೊಳೆತದ್ದರಲ್ಲಿ ಕೈಯಾಡಿಸುತ್ತಿದ್ದ. ನಾನು ಒಂದು ಆಳುದ್ದದ ಹಾಳೆ ಬಿಟ್ಟು ನಿಂತಿದ್ದೆ. ಸೀದಾ ಚೀಫ್ ಆಫೀಸರ್ ಹತ್ತಿರ ಹೋದೆ.

ಅವರು ಬೈಯಲಿಲ್ಲ. "ಪುಸ್ತಕ ತಗೊಂಡ್ಬಾ" ಅಂದರು, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು. ಕಸ ಕೈತಪ್ಪಿ ಹೋದರೂ ಬರೆಯಬೇಕು ಅಂತ ನನಗೆ ಆವತ್ತೇ ಗೊತ್ತಾಗಿದ್ದು. ತಾರೀಖು, ಗಂಟೆ, ಅಕ್ಷಾಂಶ, ರೇಖಾಂಶ, ಎಷ್ಟು ಘನ ಮೀಟರ್, ಯಾವ ಬಗೆ. ಪ್ಲಾಸ್ಟಿಕ್‌ಗೆ 'ಎ'. ಯಾಕೆ ಹೋಯಿತು? ಹೋಗದಂತೆ ಏನು ಎಚ್ಚರಿಕೆ ತೆಗೆದುಕೊಂಡಿದ್ದಿರಿ? ಅಲ್ಲಿ ಪೆನ್ ನಿಂತಿತು.

"ಸರ್, ಇಲ್ಲಿ ಏನು ಬರೀಲಿ?"

"ಏನು ಎಚ್ಚರಿಕೆ ತಗೊಂಡಿದ್ದೆ?"

"ಏನೂ ಇಲ್ಲ ಸರ್."

"ಅದನ್ನೇ ಬರಿ."

ಬರೆದೆ. ಅವರು ಸಹಿ ಹಾಕಿದರು. ಪುಟ ತುಂಬಿದ ಮೇಲೆ ಕ್ಯಾಪ್ಟನ್ ಸಹಿಯೂ ಬಿತ್ತು.

ಹಡಗುಗಳಿಂದ ಸಮುದ್ರ ಕೆಡದಂತೆ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್. ಕಸದ ಬಗ್ಗೆ ಇರುವ ಅದರ ಐದನೇ ಅನುಬಂಧ ಜಾರಿಗೆ ಬಂದದ್ದು 1988ರ ಡಿಸೆಂಬರ್ 31ರಂದು. ಆಗಿನಿಂದಲೂ ಪ್ಲಾಸ್ಟಿಕ್ಕನ್ನು ಯಾವ ಸಮುದ್ರದಲ್ಲೂ, ಎಷ್ಟೇ ದೂರದಲ್ಲೂ ಎಸೆಯುವ ಹಾಗಿಲ್ಲ. ನೈಲಾನ್ ಹಗ್ಗದ ತುಂಡೂ ಅದರಲ್ಲೇ ಬಂತು. ಪ್ಲಾಸ್ಟಿಕ್ ಸುಟ್ಟರೆ ಉಳಿಯುವ ಬೂದಿಯೂ ಆಮೇಲೆ ಸೇರಿತು. ಆದರೆ ಬಾಟಲಿ, ಡಬ್ಬ, ಚಿಂದಿ ಬಟ್ಟೆಯನ್ನೆಲ್ಲ ಎಷ್ಟೋ ಕಡೆ ದೂರ ಹೋಗಿ ಎಸೆಯಬಹುದಿತ್ತು. 2013ರ ಜನವರಿಯಿಂದ ನಿಯಮವನ್ನೇ ತಲೆಕೆಳಗು ಮಾಡಿದರು: ಏನನ್ನೂ ಎಸೆಯಬೇಡಿ, ಎಸೆಯಬಹುದಾದ ಕೆಲವನ್ನು ಮಾತ್ರ ಹೇಳುತ್ತೇವೆ ಅಂತ. ನನಗೆ ಇದೇ ಸರಿ ಅನ್ನಿಸುತ್ತದೆ. ಹಡಗಿನ ಗೋಡೆಗೆ ಅಂಟಿಸಿದ ಈ ನಿಯಮಗಳ ಬೋರ್ಡನ್ನು ಎಷ್ಟು ಸಲ ಓದಿದ್ದೆನೋ, ಒಂದೂ ತಲೆಗೆ ಹೋಗಿರಲಿಲ್ಲ.

ಆಮೇಲೆ ಪುಸ್ತಕದ ಹಳೇ ಪುಟಗಳನ್ನು ತಿರುವಿ ನೋಡಿದೆ. ಪ್ರತಿ ಬಂದರಿನಲ್ಲೂ ನಾವು ದಡಕ್ಕೆ ಕೊಟ್ಟು ರಸೀದಿ ತಗೊಂಡ ಕಸದಲ್ಲಿ ಪ್ಲಾಸ್ಟಿಕ್ಕೇ ಜಾಸ್ತಿ. ಅದೆಲ್ಲ ನಾವು ಬಳಸಿದ್ದಲ್ಲ, ಸಾಮಾನಿನ ಜೊತೆ ಸುತ್ತಿಕೊಂಡು ಬಂದದ್ದು. ಹಾಗಾದರೆ ಹತ್ತಿಸಿಕೊಳ್ಳೋದೇ ಯಾಕೆ? ಮುಂದಿನ ಬಂದರಿನಲ್ಲಿ ಬೋಸನ್ ಮತ್ತು ನಾನು ಕಟ್ಟೆಯ ಮೇಲೇ ಫಿಲ್ಮ್ ಬಿಚ್ಚಿ, ಸಾಮಾನು ತಂದ ಲಾರಿಗೇ ವಾಪಸ್ ತುಂಬಿದೆವು. ಲಾರಿಯವನು ಗೊಣಗಿದ. ಗೊಣಗಲಿ ಬಿಡಿ.

ಕೆಲವು ತಿಂಗಳ ನಂತರ ಇನ್ನೊಂದು ಬಂದರಿನಲ್ಲಿ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಕಸದ ಪುಸ್ತಕ ಕೇಳಿದರು. ಒಂದೇ ಥರದ ಸಾಲುಗಳ ಮೇಲೆ ಬೆರಳು ಸರಸರ ಇಳಿದು, ನನ್ನ ಸಾಲಿಗೆ ಬಂದು ನಿಂತಿತು. ಎರಡು ಸಲ ಓದಿದರು.

"ಈಗ ಹೇಗೆ ಬಿಚ್ಚುತ್ತೀರಿ?"

ಚೀಫ್ ಆಫೀಸರ್ ನನ್ನ ಕಡೆ ನೋಡಿದರು. ಪೂಪ್ ಡೆಕ್ಕಿನ ಸ್ಟೋರಿಗೆ ಕರೆದುಕೊಂಡು ಹೋಗಿ ಮೊಳೆಗೆ ತೂಗುಹಾಕಿದ್ದ ಚಾಕು ತೋರಿಸಿದೆ. ಅವರು ಅದನ್ನು ಎಳೆದರು. ದಾರದಲ್ಲಿ ಕಟ್ಟಿದ್ದ ಚೀಲದ ಸುರುಳಿಯೂ ಜೊತೆಗೇ ಕೆಳಗೆ ಬಂತು.

ತಮ್ಮ ಕಾಗದದಲ್ಲಿ ಏನೋ ಗೀಚಿಕೊಂಡು, "ಎಂಜಿನ್ ರೂಮ್ ಎಲ್ಲಿ?" ಅಂದರು.